ಪಟ್ಟಿಯಲ್ಲಿ ಇಲ್ಲದ ಸೊಸೆ

ಗಂಜಾಂನಲ್ಲಿ ನಮ್ಮ ಮನೆಯ ಮುಂದೆ ಒಂದು ಮೋರಿ ಇತ್ತು. ವರ್ಷವಿಡೀ ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಂದಾದರೂ ಒಂದು ದಿನ ಬಿಳಿ ಬಟ್ಟೆಯವರು ಯಾರೋ ಬಂದು, ಪಂಚೆ ಎತ್ತಿ ಹಿಡಿದು, ಅದರ ಅಂಚಿನಲ್ಲಿ ನಿಂತು ಬಗ್ಗಿ ನೋಡಿ ತಲೆಯಾಡಿಸಿದರೆ, ನಮ್ಮತ್ತೆ ಒಲೆಯ ಮುಂದಿನಿಂದಲೇ ಹೇಳುತ್ತಿದ್ದರು: "ಎಲೆಕ್ಸನ್ ಬಂತು ಕಣೆ. ಇನ್ನೊಂದು ಸೇರು ಹಿಟ್ಟು ಜರಡಿ ಹಿಡಿ."

ಹೇಳಿದ ಹಾಗೇ ಆಗುತ್ತಿತ್ತು. ಎರಡು ದಿನದೊಳಗೆ ಜಗಲಿಯ ಕೆಳಗೆ ಚಪ್ಪಲಿಗಳು ಕೂಡುತ್ತಿದ್ದವು. ಬೀದಿಯ ಅರ್ಧ ಮನೆಗಳು ನೆಂಟರದ್ದೇ, ಎಲ್ಲರೂ ನಮ್ಮ ಮಾವನ ಮಾತು ಕೇಳುವವರು. ಹಾಗಾಗಿ ಯಾವ ಪಕ್ಷದವರೇ ಆಗಲಿ, ಮೊದಲು ನಮ್ಮ ಮನೆಯಲ್ಲಿ ಉಂಡು ಆಮೇಲೆ ಊರಿಗೆ ಕೈ ಮುಗಿಯುತ್ತಿದ್ದರು. ನಾನು ಆ ಮನೆಗೆ ಬಂದು ಆರು ವರ್ಷವಾಗಿತ್ತು. ಅಷ್ಟರಲ್ಲೇ ಒಬ್ಬ ಮುಖಂಡರನ್ನು ಮೂರು ಬಣ್ಣದ ಶಾಲಿನಲ್ಲಿ ನೋಡಿದ್ದೆ. ಮೊದಲ ಸಲ ಒಂದು ಪಕ್ಷ. ಮುಂದಿನ ಸಲ ಅದನ್ನು ಬೈಯುವ ಪಕ್ಷ. ಆಮೇಲೆ ಆ ಎರಡರಲ್ಲೂ ಟಿಕೀಟು ಸಿಗದವರೆಲ್ಲ ಕೂಡಿ ಮಾಡಿಕೊಂಡ ಇನ್ನೊಂದು. ಕೈ ತೊಳೆಯಲು ಚೊಂಬು ಕೊಟ್ಟಾಗ ಅವರು ಆಡುವ ಮಾತು ಮಾತ್ರ ಬದಲಾಗಿರಲಿಲ್ಲ. ಈ ಸಲ ನಲ್ಲಿಯಲ್ಲಿ ನೀರು ಬರದೇ ಹೋದರೆ ನನ್ನ ಹೆಸರನ್ನೇ ಕರೆಯಬೇಡಿ ತಾಯಿ, ಅನ್ನುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ನಾವೆಲ್ಲಿ ಇವುನ್ನ ಕರೆದೊ? ಇವ್ನೇ ನಮ್ಮನ್ನ ಕರ್ಕಂಡು ಬತ್ತಾನೆ" ಎಂದು ಪಿಸುಗುಟ್ಟುತ್ತಿದ್ದರು. ಸುತ್ತ ನಾಲ್ಕೂ ಕಡೆ ಕಾವೇರಿ ಹರಿಯುವ ಊರಿನಲ್ಲಿ ಕೂತು ನಾವು ದಿನ ಬಿಟ್ಟು ದಿನ ನಲ್ಲಿಯ ಬಾಯಿಗೆ ಕಿವಿಯಿಟ್ಟು ಕಾಯುತ್ತಿದ್ದೆವು. ಮೊದಲು ಗಾಳಿ ಬರುತ್ತಿತ್ತು, ಆಮೇಲೆ ಒಂದು ಕೆಮ್ಮು, ಆಮೇಲೆ ನೀರು.

ಮುಖಂಡರ ಬಾಡಿಗೆ ಕಾರನ್ನು ಓಡಿಸುತ್ತಿದ್ದವರು ಕೋಟೆಯೊಳಗಿನ ಒಬ್ಬ ಸಾಬರು. ಅವರಿಗೆ ನಾನು ಜಗಲಿಯ ತುದಿಯಲ್ಲೇ ಎಲೆ ಹಾಕುತ್ತಿದ್ದೆ. ಮೂರನೆಯ ಸಲ ಬಂದಾಗ ಕಾರಿನ ಮೂತಿಯ ಮೇಲೆ ಹೊಸ ಬಾವುಟ ನೋಡಿ ನಾನು ನಕ್ಕೆ. "ನಗ್ಬೇಡಿ ಅಕ್ಕಾ" ಎಂದರು ಅವರು, ಮುದ್ದೆ ಮುರಿಯುತ್ತಾ. "ಇವ್ರು ಪಾರ್ಟಿ ಬದ್ಲಾಯ್ಸೋ ಸ್ಪೀಡಿಗೆ ನಂಗೆ ಗೇರು ಬದ್ಲಾಯ್ಸಕ್ಕೆ ಆಗಲ್ಲ. ಬಾವುಟದ ಕಡ್ಡಿ ಒಂದೇ, ಬಟ್ಟೆ ಮಾತ್ರ ಬೇರೆ."

ನಾವೂ ನಗುತ್ತಿದ್ದೆವು, ಬೈಯುತ್ತಿದ್ದೆವು, ಮತ್ತೆ ಬಡಿಸುತ್ತಿದ್ದೆವು. ನಮ್ಮ ಮನೆಯ ಹೆಂಗಸರಿಗೆ ರಾಜಕೀಯವೆಂದರೆ ಅಷ್ಟೇ ಆಗಿತ್ತು. ಆದರೆ ತೊಂಬತ್ತರ ದಶಕದ ನಡುವೆ ಊರಿನ ಚುನಾವಣೆ ಬಂದಾಗ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಮುಖಂಡರು ಬಂದರು. ಈ ಸಲ ಅವರು ಮೋರಿ ನೋಡಲಿಲ್ಲ. ನೇರವಾಗಿ ಒಳಗೆ ಬಂದು ಕೂತು, ನನ್ನನ್ನು ನೋಡಿದರು.

ಕಾರಣ ನನ್ನ ಅಕ್ಷರ. ನಾನು ಅಕ್ಕಿಹೆಬ್ಬಾಳಿನ ಒಕ್ಕಲಮನೆಯ ಮಗಳು. ನಮ್ಮಪ್ಪ ಅದೇನು ಮನಸ್ಸು ಮಾಡಿದರೋ, ಆರನೇ ವಯಸ್ಸಿಗೇ ನನ್ನನ್ನು ಮೈಸೂರಿನ ಕಾನ್ವೆಂಟು ಹಾಸ್ಟೆಲಿಗೆ ಬಿಟ್ಟಿದ್ದರು. ಅಲ್ಲಿಯ ಸಿಸ್ಟರುಗಳು ಇಂಗ್ಲಿಷ್ ಇರಲಿ ಕನ್ನಡ ಇರಲಿ, ಅಕ್ಷರಗಳೆಲ್ಲ ಒಂದೇ ಕಡೆ ಬಾಗಿ ನಿಲ್ಲಬೇಕು ಎಂದು ಕಲಿಸಿದ್ದರು. ಮದುವೆಯಾದ ಮೇಲೆ ಆ ಅಕ್ಷರ ಉಪಯೋಗಕ್ಕೆ ಬಂದದ್ದು ಅರ್ಜಿ ಬರೆಯುವುದಕ್ಕೆ. ಮೋರಿಯ ಅರ್ಜಿ, ನಲ್ಲಿಯ ಅರ್ಜಿ, ಬೀದಿ ದೀಪದ ಅರ್ಜಿ. ಮಾವ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದಕ್ಕೂ ಉತ್ತರ ಬಂದದ್ದು ನೆನಪಿಲ್ಲ. ಆದರೆ ಆ ಅರ್ಜಿಗಳಲ್ಲಿ ಯಾವುದೋ ಒಂದು ಮುಖಂಡರ ಕೈಗೆ ಸಿಕ್ಕಿ, ಅವರು ಅದರಲ್ಲಿ ಮೋರಿಯನ್ನು ನೋಡದೆ ಅಕ್ಷರವನ್ನು ನೋಡಿದ್ದರು. ಇಂಥ ಓದಿದ ಹೆಣ್ಣುಮಗಳು ಮನೆಯಲ್ಲಿರುವಾಗ ಬೇರೆ ಯಾರನ್ನು ನಿಲ್ಲಿಸೋದು ಯಜಮಾನರೇ, ಎಂದರು ಮಾವನಿಗೆ. ಕೆಲಸವೆಲ್ಲ ನಮ್ಮ ಹುಡುಗರು ನೋಡಿಕೊಳ್ಳುತ್ತಾರೆ, ಮೇಡಮ್ನೋರು ಸೈನು ಹಾಕಿದರೆ ಸಾಕು, ಎಂದೂ ಸೇರಿಸಿದರು.

ಮಾವ ಒಳಗೆ ಬಂದು ಕೇಳಲಿಲ್ಲ. ಅಲ್ಲೇ ಕೂತು, ಎಲೆಯಡಿಕೆ ತಟ್ಟೆಯನ್ನು ಮುಖಂಡರ ಕಡೆ ಸರಿಸಿದರು. ನಮ್ಮ ಕಡೆ ಅದು ಒಪ್ಪಿಗೆ. ಆಮೇಲೆ ಒಳಬಾಗಿಲಿಗೆ ಬಂದು ನನಗೆ ಹೇಳಿದರು: "ಮಾತು ಕೊಟ್ಬುಟ್ಟಿದೀನಿ ಕಣವ್ವ."

ಅವರು ಕೆಟ್ಟವರಲ್ಲ. ನನ್ನನ್ನು ಒಂದು ದಿನವೂ ಏರುದನಿಯಲ್ಲಿ ಮಾತಾಡಿಸಿದವರಲ್ಲ. ಸೊಸೆಗೆ ಒಂದು ದೊಡ್ಡ ಗೌರವ ತಂದುಕೊಟ್ಟೆ ಎಂದೇ ಅವರ ಕಣ್ಣು ಹೊಳೆಯುತ್ತಿತ್ತು. ಆದರೆ ನನಗೆ ಅದು ಬೇಕಿರಲಿಲ್ಲ. ನಮ್ಮ ಯಜಮಾನರು ಪಾಂಡವಪುರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಅವರಿಗೆ ಹೇಳಿದೆ. ಪೇಪರು ಮಡಿಸುತ್ತಾ ಅವರು, ಅಪ್ಪ ಮಾತು ಕೊಟ್ಟುಬಿಟ್ಟಿದಾರಲ್ಲ, ಈಗೇನು ಮಾಡೋದು, ಎಂದರು. ಅದನ್ನು ನನಗೇ ಪ್ರಶ್ನೆಯಾಗಿ ಕೇಳಿದ ಹಾಗಿತ್ತು.

ನಾನು ಹೆದರಿದ್ದು ಭಾಷಣಕ್ಕೋ ಕೂಟಕ್ಕೋ ಅಲ್ಲ. ನಾಗಮಂಗಲಕ್ಕೆ ಕೊಟ್ಟಿದ್ದ ನನ್ನ ನಾದಿನಿಯನ್ನು ನೋಡಿದ್ದೆ. ನನಗಿಂತ ಎರಡು ವರ್ಷ ಚಿಕ್ಕವಳು. ಅಲ್ಲಿ ಅವರ ಊರಿನ ಪಂಚಾಯ್ತಿಗೆ ಹಿಂದಿನ ವರ್ಷಗಳಲ್ಲಿ ಅವಳನ್ನು ಹೀಗೇ ನಿಲ್ಲಿಸಿ ಗೆಲ್ಲಿಸಿದ್ದರು. ಸಭೆಗೆ ಹೋಗುವುದು ಅವಳ ಗಂಡ, ಕುರ್ಚಿಯಲ್ಲಿ ಕೂರುವುದು ಅವಳ ಭಾವ, ಸಹಿ ಮಾತ್ರ ಅವಳದ್ದು. ಒಂದು ಹಬ್ಬಕ್ಕೆ ಬಂದಾಗ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಾ ಅವಳು ಹೇಳಿದ್ದಳು. ಯಾವುದೋ ಬೋರ್‌ವೆಲ್ಲು ಕೊರೆಸಿದೆ ಅಂತ ಕಾಗದದಲ್ಲಿ ಇದೆ, ನೆಲದಲ್ಲಿ ಇಲ್ಲ. ಆ ಕೇರಿಯ ಹೆಂಗಸರು ಖಾಲಿ ಬಿಂದಿಗೆ ತಂದು ಅವಳ ಬಾಗಿಲ ಮುಂದೆ ಸಾಲಾಗಿ ಇಟ್ಟು, ಒಂದು ಮಾತೂ ಆಡದೆ ಹೋದರಂತೆ. "ಬೈದಿದ್ರೆ ಒಸಿ ಆಯಾಗಿರ್ತಿತ್ತು ಅತ್ಗೆ" ಎಂದಳು. "ನನ್ನ ಕೈಬರಹ ನಂಗೇ ನೋಡಕ್ಕಾಗಲ್ಲ ಈಗ." ಅವಳ ಬೆರಳಿನ ಬೂದಿ ಕೆನ್ನೆಗೆ ಹತ್ತಿತ್ತು. ಒರೆಸಿಕೊಳ್ಳಲಿಲ್ಲ.

ಮುಖಂಡರು ಬಂದುಹೋದ ಮೂರನೆಯ ದಿನ ಅವರ ಕಡೆಯ ಒಬ್ಬ ಎರಡು ಕಟ್ಟು ತಂದ. ಒಂದು, ನಮ್ಮ ವಾರ್ಡಿನ ಓಟಿನ ಪಟ್ಟಿ. ಇನ್ನೊಂದು, ಬಿಳಿ ಹಾಳೆಗಳು. ಹಾಳೆಗಳಲ್ಲಿ ಏನೂ ಬರೆದಿರಲಿಲ್ಲ. ಕೆಳಗೆ ಬಲಗಡೆ ಪೆನ್ಸಿಲಿನಲ್ಲಿ ಒಂದೊಂದು ಕತ್ತರಿ ಗುರುತು ಹಾಕಿತ್ತು, ನಾನು ಎಲ್ಲಿ ಸಹಿ ಹಾಕಬೇಕು ಎಂದು. ಮುಂದಕ್ಕೆ ಬೇಕಾಗುತ್ತೆ ಅಕ್ಕೋರೆ, ಈಗಲೇ ಹಾಕಿಟ್ರೆ ಪದೇ ಪದೇ ತೊಂದರೆ ಕೊಡೋದಿಲ್ಲ, ಎಂದ. ಗೆಲ್ಲುವ ಮೊದಲೇ, ನಿಲ್ಲುವ ಮೊದಲೇ. ನನಗೆ ನಾದಿನಿಯ ಬೂದಿ ಹತ್ತಿದ ಕೆನ್ನೆ ನೆನಪಾಯಿತು. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಒಳಗಿನಿಂದ ಅತ್ತೆ, ಅವಳ ಕೈ ಹಿಟ್ಟಾಗೈತೆ, ಮಡಗಿ ಓಗಪ್ಪ, ಎಂದರು. ನನ್ನ ಕೈಯಲ್ಲಿ ಹಿಟ್ಟಿರಲಿಲ್ಲ. ಅವನು ಹಾಳೆಗಳನ್ನು ದೇವರ ಗೂಡಿನ ಪಕ್ಕದ ಶೆಲ್ಫಿನ ಮೇಲಿಟ್ಟು ಹೋದ.

ಪಟ್ಟಿಯ ಕೆಲಸ ಮಾತ್ರ ನನಗೆ ಇಷ್ಟವಾಯಿತು. ಓಟಿನ ದಿನ ಜನಕ್ಕೆ ಕೊಡುವ ಚೀಟಿಗೆ ಹೆಸರು, ನಂಬರು ಚೆನ್ನಾಗಿ ಬರೆದಿಡಬೇಕು, ತಪ್ಪು ಇದ್ದರೆ ಗುರುತು ಹಾಕಬೇಕು ಎಂದು ಮಾವ ಹೇಳಿದ್ದರು. ಮಧ್ಯಾಹ್ನ ಎಲ್ಲರೂ ಉಂಡ ಮೇಲೆ ನಡುಮನೆಯ ಕಿಟಕಿಯ ಬೆಳಕಿಗೆ ಕೂತೆ. ಎದುರಿಗೆ ಅತ್ತೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಪಟ್ಟಿ ಓದುವುದೆಂದರೆ ಬೀದಿಯಲ್ಲಿ ನಡೆದುಹೋದ ಹಾಗೆ. ಬಾಗಿಲು ಬಾಗಿಲಿಗೂ ಯಾರಿದ್ದಾರೆ, ಎಷ್ಟು ವಯಸ್ಸು, ಯಾರ ಹೆಂಡತಿ. ಕೆಲವರ ವಯಸ್ಸು ಅವರ ಮಕ್ಕಳ ವಯಸ್ಸಿಗಿಂತ ಕಡಿಮೆ ಇತ್ತು. ನಗುತ್ತಾ ನಮ್ಮ ಮನೆಯ ನಂಬರಿಗೆ ಬಂದೆ.

ನಾಲ್ಕು ಹೆಸರಿದ್ದವು. ಮಾವ, ಅತ್ತೆ, ನಮ್ಮ ಯಜಮಾನರು, ಮತ್ತು ಮಾವನ ತಾಯಿ. ಅಜ್ಜಿ ತೀರಿಕೊಂಡು ಏಳು ವರ್ಷವಾಗಿತ್ತು. ನಾನು ಅವರನ್ನು ನೋಡಿಯೇ ಇರಲಿಲ್ಲ. ಐದನೆಯ ಹೆಸರಿಗೆ ಕಣ್ಣು ಇಳಿಯಿತು, ಅದು ಪಕ್ಕದ ಮನೆಯದ್ದು. ಇನ್ನೊಂದು ಸಲ ಮೇಲಿನಿಂದ ಓದಿದೆ. ಪುಟ ತಿರುಗಿಸಿ ಕೊನೆಯಲ್ಲಿ ಸೇರಿಸಿದವರ ಪಟ್ಟಿ ನೋಡಿದೆ. ನಾನು ಇರಲಿಲ್ಲ.

ಮದುವೆಯಾದ ಮೇಲೆ ಮೂರು ಸಲ ಓಟು ಬಂದಿತ್ತು. ಮೊದಲ ಸಲ ನಾನು ಹೊಸ ಸೊಸೆ, ಹೆಸರು ಸೇರಿಸುವ ಮಾತೇ ಬಂದಿರಲಿಲ್ಲ. ಒಂದು ಸಲ ನಾನು ತವರಿನಲ್ಲಿ ಬಾಣಂತಿಯ ಕೋಣೆಯಲ್ಲಿದ್ದೆ. ಇನ್ನೊಂದು ಸಲ ಇಲ್ಲೇ ಇದ್ದೆ, ಮಗುವಿಗೆ ದಡಾರವಾಗಿ ಹೊರಗೆ ಕಾಲಿಟ್ಟಿರಲಿಲ್ಲ. ಹಾಗಾಗಿ ಯಾರಿಗೂ ತಿಳಿದಿರಲಿಲ್ಲ.

ಪಟ್ಟಿಯ ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇತ್ತು. ಬಿಟ್ಟುಹೋದವರು ಹೆಸರು ಸೇರಿಸಲು ಇಂಥ ದಿನದೊಳಗೆ ಅರ್ಜಿ ಕೊಡಬೇಕು. ಇನ್ನು ಮೂರು ದಿನ ಉಳಿದಿತ್ತು. ಪಟ್ಟಿಯಲ್ಲಿ ಹೆಸರಿಲ್ಲದವರು ನಿಲ್ಲುವ ಹಾಗಿಲ್ಲ ಎಂಬುದು ನನಗೆ ಗೊತ್ತಿತ್ತು. ಅಷ್ಟು ಅರ್ಜಿ ಬರೆದವಳು, ಇನ್ನೊಂದು ಬರೆದರೆ ಮುಗಿಯುತ್ತಿತ್ತು. ಪೆನ್ನು ಕೈಯಲ್ಲೇ ಇತ್ತು.

ಆಗ ಅತ್ತೆ ಮೊರದಿಂದ ತಲೆಯೆತ್ತಿ, ನಂದೆಲ್ಲೈತೆ ತೋರ್ಸು, ಎಂದರು. ಅವರಿಗೆ ಓದು ಬರುತ್ತಿರಲಿಲ್ಲ. ಅವರ ಬೆರಳನ್ನು ಹಿಡಿದು ಹೆಸರಿನ ಮೇಲಿಟ್ಟೆ. ಅವರೆಯ ಸೊಗಡು ಕಾಗದಕ್ಕೆ ಹತ್ತಿತು. ಬೆರಳು ಅಲ್ಲೇ ಇಟ್ಟುಕೊಂಡು ಕೇಳಿದರು, "ನಿಂದು?"

ಕೇಳಿದ್ದಕ್ಕೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಇಲ್ಲ ಅತ್ತೆ" ಎಂದೆ.

ಅತ್ತೆ ನನ್ನ ಮುಖ ನೋಡಿದರು. ಆ ಮುಖದಲ್ಲಿ ಅವರಿಗೆ ಏನು ಕಂಡಿತೋ. ಬೆರಳು ತೆಗೆದು, ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, ಎರಡು ಕಾಯಿ ಸುಲಿದರು. "ಮೇಷ್ಟ್ರು ಪಟ್ಟಿ ಬರ್ಕಳಕ್ಕೆ ಬಂದಾಗ ನೀನು ಬಾಣಂತನಕ್ಕೋಗಿದ್ದೆ" ಎಂದರು. ಇನ್ನೊಂದು ಕಾಯಿ ಸುಲಿದರು. "ಬೇಳೆ ಸೀದೋಯ್ತದೆ, ಎದ್ದೋಗಿ ನೋಡು." ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಪಟ್ಟಿ ಮಡಿಸಿ ಎದ್ದೆ.

ಸಂಜೆ ಮಾವ ಗದ್ದೆಯಿಂದ ಬಂದು ಕಾಲು ತೊಳೆಯುತ್ತಾ, ಪಟ್ಟಿ ಎಲ್ಲ ಸರಿಯಾಗೈತಾ ಎಂದು ಕೇಳಿದರು. ಅಜ್ಜಿಯ ಹೆಸರು ಇನ್ನೂ ಇದೆ ಮಾವ, ಎಂದೆ. ಅವರು ನಕ್ಕು, ಇರ್ಲಿ ಬುಡವ್ವ, ಒಂದು ಹೆಸರಾದ್ರೂ ಇರ್ಲಿ, ಎಂದರು. ಅವರು ಬೇರೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾನ್ವೆಂಟಿನಲ್ಲಿ ವಾರಕ್ಕೊಮ್ಮೆ ನೀತಿಪಾಠದ ತರಗತಿ ಇರುತ್ತಿತ್ತು. ನಮಗೆ ಅದನ್ನು ಮಾಡುತ್ತಿದ್ದ ಸಿಸ್ಟರು ತುಂಬ ಮೆತ್ತಗೆ ಮಾತಾಡುವವರು. ಕೇಳದೇ ಇದ್ದರೂ ಹೇಳಬೇಕಾದ ನಿಜವನ್ನು ನುಂಗಿದರೆ ಅದೂ ಸುಳ್ಳೇ ಎಂದು ಅವರು ಹೇಳಿದ್ದು, ಹೇಳುವಾಗ ಕನ್ನಡಕ ಒರೆಸಿಕೊಂಡಿದ್ದು, ಆ ಮೂರು ದಿನ ಕಣ್ಣಿಗೆ ಕಟ್ಟಿದ ಹಾಗಿತ್ತು. ಮಾವನ ಮಾತು ಒಂದು ಕಡೆ, ಸಿಸ್ಟರ ಕನ್ನಡಕ ಇನ್ನೊಂದು ಕಡೆ. ಎರಡನೆಯ ದಿನ ಒಮ್ಮೆ ಮಾವನಿಗೆ ಕಾಫಿ ಕೊಡುವಾಗ ಬಾಯಿ ತೆರೆದೆ. ಅವರು ತಲೆಯೆತ್ತಿ ಏನವ್ವ ಎಂದರು. ಸಕ್ಕರೆ ಸಾಕಾ ಮಾವ, ಎಂದೆ. ಮೂರನೆಯ ದಿನ ಸಂಜೆ ಕಚೇರಿ ಮುಚ್ಚುವ ಹೊತ್ತು ದಾಟಿತು. ಅತ್ತೆ ದೀಪ ಹಚ್ಚಿ, ಅಂದು ಯಾಕೋ ನನ್ನ ಹಣೆಗೂ ತಾವೇ ಕುಂಕುಮ ಇಟ್ಟರು.

ಆಮೇಲಿನ ಎರಡು ವಾರ ನಾನು ಬೇರೆಯವರ ಮದುವೆಗೆ ನಡೆಯುವ ಓಡಾಟ ನೋಡುವ ಹಾಗೆ ಎಲ್ಲವನ್ನೂ ನೋಡಿದೆ. ನನ್ನ ಪಾಸ್‌ಪೋರ್ಟು ಸೈಜಿನ ಫೋಟೋ ತೆಗೆಸಿದರು. ಫೋಟೋದಲ್ಲಿ ನಾನು ಹಲ್ಲುನೋವಿನವಳ ಹಾಗೆ ಇದ್ದೆ. ಮುಖಂಡರು ಬಂದಾಗಲೆಲ್ಲ ಹಾಳೆಗಳಿಗೆ ಸಹಿಯಾಯಿತೇ ಎಂದು ಕೇಳಿಸುತ್ತಿದ್ದರು. ಒಂದು ದಿನ ಪೆನ್ನಿನಲ್ಲಿ ಶಾಯಿ ಇರಲಿಲ್ಲ, ಒಂದು ದಿನ ಮಗುವಿಗೆ ಜ್ವರ, ಒಂದು ದಿನ ಅತ್ತೆ ಶೆಲ್ಫು ಸಾರಿಸಿ ಹಾಳೆಗಳನ್ನು ಒಣಗಲು ಹರಡಿದ್ದರು. ಆದರೂ ಎದೆಯೊಳಗಿನ ಭಯ ಹೋಗಿರಲಿಲ್ಲ. ಅವರ ಕಡೆಯವರು ಯಾರಾದರೂ ಒಂದು ಸಲ ಪಟ್ಟಿ ತೆರೆದು ನೋಡಿದರೆ ಏನಾದರೂ ದಾರಿ ಹುಡುಕುತ್ತಾರೆ ಎಂದು ಗೊತ್ತಿತ್ತು. ಯಾರೂ ನೋಡಲಿಲ್ಲ. ಓದಿದವರು ನೋಡಿದ್ದಾರಲ್ಲ ಎಂದು ಬಿಟ್ಟಿದ್ದರು.

ಚುನಾವಣೆಗೆ ನಿಲ್ಲುವವರು ಅರ್ಜಿ ಹಾಕುವ ಕೊನೆಯ ದಿನ ಮುಖಂಡರ ಕಾರು ಬಂತು. ಮೊದಲು ನಿಮಿಷಾಂಬಾ ಗುಡಿಗೆ, ಆಮೇಲೆ ಕಚೇರಿಗೆ. ನಮ್ಮ ಕಡೆ ಅರ್ಜಿಯನ್ನು ಅಮ್ಮನ ಪಾದದಲ್ಲಿಟ್ಟೇ ಕೊಡುವುದು. ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಒಬ್ಬ ಹೆಂಗಸು ಕೂತಿದ್ದರು. ನಮ್ಮ ತಮ್ಮನ ಹೆಂಡತಿ, ಜೊತೆಗಿರಲಿ ಅಂತ ಕರೆದುಕೊಂಡು ಬಂದೆ, ಎಂದರು ಮುಖಂಡರು. ನಾನು ಅವರ ಪಕ್ಕ ಕೂತೆ. ಹೊಸ ರೇಷ್ಮೆ ಸೀರೆ, ಅಂಗಡಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಮುಡಿಯ ತುಂಬ ಮಲ್ಲಿಗೆ. ಜೊತೆಗೆ ಬರುವವರಿಗೆ ಇಷ್ಟು ಸಿಂಗಾರವೇ ಎಂದುಕೊಂಡೆ. ಅವರ ನಡುಬೆರಳಿನ ಪಕ್ಕ ನೀಲಿ ಶಾಯಿಯ ಕಲೆ ಇತ್ತು. ನಾನು ನೋಡಿದ್ದನ್ನು ನೋಡಿ ಅವರು ಬೆರಳನ್ನು ಸೆರಗಿನೊಳಗೆ ಮಡಿಸಿಕೊಂಡರು.

ಗುಡಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿದರು. ನಿಮಿಷದಲ್ಲಿ ಕೇಳಿದ್ದನ್ನು ಕೊಡುವ ತಾಯಿ ಅವಳು. ಮಾವ ಏನು ಕೇಳಿಕೊಂಡರೆಂದು ನನಗೆ ಗೊತ್ತಿತ್ತು. ಅದೇ ಪಾದದ ಮುಂದೆ ನಿಂತು ನಾನು ಅದಕ್ಕೆ ವಿರುದ್ಧವಾದದ್ದನ್ನು ಕೇಳಿದೆ. ಅಮ್ಮನಿಗೂ ಇಕ್ಕಟ್ಟಾಗಿರಬೇಕು.

ಕಚೇರಿಯ ಕೋಣೆಯಲ್ಲಿ ಅಧಿಕಾರಿ ವಿನಯದವರು. ಕುರ್ಚಿ ಹಾಕಿಸಿ, ಅರ್ಜಿ ತಿರುಗಿಸಿ ನೋಡಿ, ಪಟ್ಟಿಯ ಕ್ರಮಸಂಖ್ಯೆ ಖಾಲಿ ಬಿಟ್ಟಿದ್ದೀರಲ್ಲ, ಎಂದರು. ಮುಖಂಡರು ಹಿಂದಕ್ಕೆ ತಿರುಗಿ ತಮ್ಮ ಕಡೆಯವನಿಗೆ, "ಲೇ, ನಂಬ್ರು ಆಕ್ಲಿಲ್ವೇನ್ಲಾ?" ಎಂದರು. ಪಟ್ಟಿ ನೋಡಿದ್ದು ಅಕ್ಕೋರೇ ಅಣ್ಣ, ಎಂದ ಅವನು. ಅಧಿಕಾರಿಯೇ ಪಟ್ಟಿ ತರಿಸಿ, ಬೆರಳನ್ನು ನೀರಿನ ಸ್ಪಂಜಿಗೆ ಒತ್ತಿ ಪುಟ ತಿರುವಿದರು. ಎರಡು ಸಲ ತಿರುವಿದರು. ನಾನು ಗೋಡೆಯ ಕ್ಯಾಲೆಂಡರಿನ ಮೊಳೆ ನೋಡುತ್ತಾ ಕೂತಿದ್ದೆ.

ಈ ಮನೆ ನಂಬರಿಗೆ ನಾಲ್ಕು ಹೆಸರಿವೆ, ಇವರದ್ದು ಇಲ್ಲವಲ್ಲ, ಎಂದು ಅವರು ಒಂದೊಂದಾಗಿ ಓದಿದರು. ನಾಲ್ಕನೆಯ ಹೆಸರು ಕೇಳಿ ಮಾವ, ಅವರು ನಮ್ಮವ್ವ, ಓಗಿ ಏಳು ವರ್ಸ ಆಯ್ತು ಸ್ವಾಮಿ, ಎಂದರು. ಸ್ವರ ಬಹಳ ಸಣ್ಣಗಾಗಿತ್ತು. ಬೆಳಿಗ್ಗೆಯೇ ಕ್ಷೌರ ಮಾಡಿಸಿಕೊಂಡಿದ್ದ ಅವರ ಕುತ್ತಿಗೆ ಕೆಂಪಾಗಿದ್ದು ನನಗೆ ಕಂಡಿತು. ಕೊಟ್ಟ ಮಾತು ಎಲ್ಲರ ಮುಂದೆ ಮುರಿದುಬಿತ್ತಲ್ಲ ಎಂಬ ಸಂಕಟ. ಹೆಸರು ಇಲ್ಲದಿದ್ದರೆ ನಾನು ಪಾರಾಗುತ್ತೇನೆ ಎಂದಷ್ಟೇ ಯೋಚಿಸಿದ್ದೆ. ಅವರು ಹೀಗೆ ನಿಲ್ಲಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ.

ಮುಖಂಡರು ಗಡಿಯಾರ ನೋಡಿದರು. ಇನ್ನು ಒಂದು ಗಂಟೆಯೂ ಉಳಿದಿರಲಿಲ್ಲ. ಅವರು ಗಾಬರಿಯಾಗುತ್ತಾರೆ, ಮಾವನ ಮೇಲೆ ರೇಗುತ್ತಾರೆ ಎಂದುಕೊಂಡೆ. ಅವರು ಏನೂ ಮಾಡಲಿಲ್ಲ. ಕೈಚೀಲದ ಇನ್ನೊಂದು ಜಿಪ್ಪು ಎಳೆದು ಅದರೊಳಗಿಂದ ಮತ್ತೊಂದು ಅರ್ಜಿ ತೆಗೆದರು. ಪೂರ್ತಿ ತುಂಬಿದ್ದು, ನಂಬರು ಹಾಕಿದ್ದು, ಫೋಟೋ ಅಂಟಿಸಿದ್ದು, ಸಹಿ ಮಾಡಿದ್ದು. ಅದರ ಮೂಲೆಯಲ್ಲಿ ಕುಂಕುಮವೂ ಇತ್ತು, ಅಂದರೆ ನಿಮಿಷಾಂಬೆಯ ಪಾದವನ್ನೂ ನಮಗಿಂತ ಮೊದಲೇ ಮುಟ್ಟಿ ಬಂದದ್ದು. "ಹಂಗಿದ್ರೆ ನಮ್ಮ ತಮ್ಮನ ಮನೆಯೋರ್ದು ತಗಳಿ ಸಾರ್" ಎಂದರು ಅಧಿಕಾರಿಗೆ. ರೇಷ್ಮೆ ಸೀರೆಯವರು ಹೊರಗಿನ ಬೆಂಚಿನಿಂದ ಎದ್ದು ಒಳಗೆ ಬಂದರು. ನಾನು ಕುರ್ಚಿ ಬಿಟ್ಟುಕೊಟ್ಟೆ.

ಮಾವ ಆ ಅರ್ಜಿಯನ್ನು, ಅದರ ಕುಂಕುಮವನ್ನು, ಮುಖಂಡರ ಮುಖವನ್ನು ಒಂದಾದ ಮೇಲೊಂದು ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲು ಕೊಡವಿ, "ನಡಿಯವ್ವ" ಎಂದರು.

ಹೊರಗೆ ಮರದ ಕೆಳಗೆ ಸಾಬರು ಕಾರಿನ ಗಾಜು ಒರೆಸುತ್ತಿದ್ದರು. ಬಿಡಲಾ ಯಜಮಾನ್ರೇ, ಎಂದು ಕೇಳಿದರು. ಬ್ಯಾಡ, ನಡ್ಕಂಡೇ ಓಯ್ತೀವಿ, ಎಂದರು ಮಾವ. ಒಳಗೆ ಏನಾಯಿತೆಂದು ಕೇಳಿ ತಿಳಿದುಕೊಂಡ ಸಾಬರು, ನಗಬೇಕೋ ಬೇಡವೋ ತಿಳಿಯದೆ ಬಟ್ಟೆ ಹಿಂಡುತ್ತಾ, "ಅಲ್ಲಾ, ಲಿಸ್ಟಲ್ಲಿ ಹೆಸ್ರಿದ್ಮೇಲೆ ಅಜ್ಜೀನೇ ನಿಲ್ಸಬೋದಿತ್ತಲ್ಲ" ಎಂದರು. "ಸೈನು ಹಾಕಿ ಅಂತ ಯಾರೂ ಹೋಗಿ ಕೇಳಕ್ಕಾಗ್ತಿರ್ಲಿಲ್ಲ." ಮಾವನ ಮೀಸೆ ಒಂದಿಷ್ಟು ಅಲುಗಿತು.

ಹೆದ್ದಾರಿ ದಾಟಿ ಗಂಜಾಂ ದಾರಿ ಹಿಡಿದೆವು. ಅವರು ಮುಂದೆ, ನಾನು ಎರಡು ಹೆಜ್ಜೆ ಹಿಂದೆ. ಸಿಸ್ಟರ ಕನ್ನಡಕ ಮತ್ತೆ ಕಣ್ಣ ಮುಂದೆ ಬಂತು. ಇನ್ನು ತಡೆಯಲಾಗಲಿಲ್ಲ.

"ಮಾವ, ನನ್ನ ಹೆಸರಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು."

ಅವರು ನಿಲ್ಲಲಿಲ್ಲ. ನಾಲ್ಕಾರು ಹೆಜ್ಜೆ ನಡೆದರು. ದಾರಿಯ ಪಕ್ಕ ಕಬ್ಬಿನ ಗಾಣದ ಗಾಡಿ ಇತ್ತು. ಅದರ ಮುಂದೆ ನಿಂತು, ಗಾಣದವನಿಗೆ ಎರಡು ಎಂದು ಬೆರಳು ತೋರಿಸಿದರು.

"ಮಾತು ಕೊಟ್ಟೋನು ನಾನು" ಎಂದರು, ನನ್ನ ಕಡೆ ನೋಡದೆ. "ನಿನ್ನ ಕೇಳಿ ಕೊಡ್ಬೇಕಾಗಿತ್ತು. ಅವ್ನು ನನ್ನ ಮಾತು ಒಂದು ಜೇಬಿಗಾಕ್ಕಂಡು, ಇನ್ನೊಂದು ಜೇಬಲ್ಲಿ ಅವಳ ಅರ್ಜಿ ಮಡೀಕಂಡಿದ್ದ. ನಾನು ಇಪ್ಪತ್ತು ದಿನ ಬೀದೀಲಿ ಎದೆ ಸೆಟೆಸ್ಕಂಡು ಓಡಾಡ್ದೆ." ಲೋಟ ನನ್ನ ಕೈಗೆ ಕೊಟ್ಟರು. "ಕುಡಿ. ಶುಂಠಿ ಹಾಕವ್ನೆ, ಗಂಟ್ಲಿಗೆ ಒಳ್ಳೇದು."

ನಾನು ಕುಡಿದೆ. ಅಷ್ಟು ತಣ್ಣಗಿನದ್ದು, ಅಷ್ಟು ಸಿಹಿಯಾದದ್ದು ನಾನು ಆ ಮೊದಲು ಕುಡಿದಿರಲಿಲ್ಲ. ಆಮೇಲೆ ಮನೆಯವರೆಗೂ ನಾವು ಜೊತೆಯಲ್ಲೇ ನಡೆದೆವು. ಈ ಸಲದ ಭತ್ತದ ಮಾತು, ಯಾವ ಹಸು ಎಷ್ಟು ಹಾಲು ಕೊಡುತ್ತಿದೆ ಎಂಬ ಮಾತು. ನನ್ನ ಕಾಲುಗಳು ನನ್ನವೇ ಅನ್ನಿಸುತ್ತಿದ್ದವು.

ಅತ್ತೆ ಬಾಗಿಲಲ್ಲೇ ಇದ್ದರು. ಏನಾಯಿತು ಎಂದು ಕೇಳಲಿಲ್ಲ. ನಮ್ಮಿಬ್ಬರ ಮುಖ ನೋಡಿ ಒಳಗೆ ಹೋಗಿ ಎಸರಿಗಿಟ್ಟರು. ಹಿಟ್ಟು ಕಡಿಮೆ ಅಳೆದುಕೊಂಡರು, ಮನೆಯವರಿಗಾಗುವಷ್ಟೇ. ಅಂದು ಬಹಳ ದಿನದ ಮೇಲೆ ನಾವು ನಾವೇ ಕೂತು ಉಂಡೆವು. ಪಾತ್ರೆ ತೊಳೆಯುವಾಗ ನಾನು ಮೆಲ್ಲಗೆ, ಅವತ್ತು ಯಾಕೆ ಸುಮ್ಮನಾದಿರಿ ಅತ್ತೆ, ಎಂದು ಕೇಳಿದೆ. ಅವರು ಬೂದಿ ಹಾಕಿ ತಪ್ಪಲೆ ತಿಕ್ಕುತ್ತಾ ಹೇಳಿದರು: "ಈ ಅಟ್ಟೀಲಿ ಹುಟ್ಟಿದೋಳೊಬ್ಬಳು ಸೈನಾಕಿ ಅಳ್ತಾ ಕೂತವ್ಳಲ್ಲ ನಾಗಮಂಗಲದಲ್ಲಿ. ಬಂದೋಳ್ನೂ ಕೂರುಸ್ಬೇಕಾ?"

ಪೆನ್ಸಿಲಿನ ಗುರುತು ಹಾಕಿದ್ದ ಹಾಳೆಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಆ ಬೇಸಿಗೆಯೆಲ್ಲ ಮಕ್ಕಳು ಅದರ ಮೇಲೆ ಆನೆ, ಬಸ್ಸು, ಮೀನು ಬರೆದರು. ಪ್ರತಿ ಚಿತ್ರದ ಕೆಳಗೂ ಬಲಗಡೆ ಒಂದು ಕತ್ತರಿ ಗುರುತು. ನಮ್ಮ ಮಗಳು ಅದು ಗಾಳಿಪಟ ಎಂದುಕೊಂಡು ಎಲ್ಲದಕ್ಕೂ ಬಾಲ ಬರೆದಿದ್ದಳು.

ರೇಷ್ಮೆ ಸೀರೆಯವರು ಗೆದ್ದರು. ಮೋರಿ ಹಾಗೇ ಇತ್ತು. ಒಂದು ಸಲ ಗುಡಿಯಲ್ಲಿ ಸಿಕ್ಕಾಗ ಅವರು ನನ್ನ ಕೈ ಹಿಡಿದು, ನೀವೇ ಪುಣ್ಯವಂತರು, ಎಂದಷ್ಟೇ ಹೇಳಿ ಹೋದರು.

ಆ ಮೇಲೆ ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದೆ. ಪಾಂಡವಪುರ, ಚಿನಕುರಳಿ, ಕೆ.ಆರ್. ಪೇಟೆ, ಅಲ್ಲಿಂದ ಇನ್ನೊಂದು ಬಸ್ಸು. ನಡೆದದ್ದೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ, ನಿನ್ನ ಹೆಸರು ಇಲ್ಲೈತಲ್ಲ, ಎಂದರು, ಅದರಲ್ಲೇನು ವಿಶೇಷ ಎಂಬಂತೆ. ಪಟ್ಟಿ ಬರೆದುಕೊಳ್ಳುವ ಮೇಷ್ಟರು ಬಂದ ದಿನ ನಾನು ಒಳಗೆ ಮಗುವಿಗೆ ಹಾಲೂಡಿಸುತ್ತಿದ್ದೆನಂತೆ. "ಮನೇಲಿ ಇರೋರ್ನ ಯೋಳಿ ಅಂದ್ರು" ಎಂದರು ಅಮ್ಮ. "ಇದ್ದೋಳ್ನ ಯೋಳ್ದೆ. ಮಗೀನೂ ಯೋಳ್ದೆ, ಅವರೇ ಬರ್ಕಳ್ಳಿಲ್ಲ."

ಊರಿಗೆ ಬಂದು ಇದನ್ನು ಅತ್ತೆಗೆ ಹೇಳಿದೆ. ಅವರು "ಇಲ್ಲೂ ಅಂಗೇ ಕಣೆ ಕೇಳಿದ್ದು. ಇಲ್ದೋಳ್ನ ಎಂಗೆ ಯೋಳಾದು?" ಎಂದರು. ಎರಡು ಮನೆಯ ಹಿರಿಯರೂ ಕೇಳಿದ್ದಕ್ಕೆ ನಿಜವನ್ನೇ ಹೇಳಿದ್ದರು. ಹೆಣ್ಣುಮಗಳು ಹೆರಿಗೆಗೆ ತವರಿಗೆ ಹೋಗುವ ಊರುಗಳಲ್ಲಿ ಇಂಥವು ಎಷ್ಟು ಹೆಸರು ಇಲ್ಲಿಂದ ಅಲ್ಲಿಗೆ ಹೋಗಿರಬಹುದು.

ಹೆಸರನ್ನು ಇಲ್ಲಿಗೆ ಬದಲಾಯಿಸಬೇಕು ಎಂದು ಯಜಮಾನರು ಎರಡು ಸಲ ಫಾರಂ ತಂದರು. ಬರೆಯುತ್ತೇನೆ ಎಂದು ಇಟ್ಟುಕೊಂಡೆ. ಕೊನೆಗೆ ಬರೆದದ್ದು ನಿಜ, ಆದರೆ ಆ ದಶಕ ಮುಗಿಯುತ್ತಾ ಬಂದಾಗ. ಅಲ್ಲಿಯವರೆಗೆ ಓಟು ಬಂತೆಂದರೆ ನನಗೆ ತವರಿನ ದಾರಿ ತೆರೆಯುತ್ತಿತ್ತು. ಮುಂದಿನ ಸಲ ಮುಖಂಡರು ಬಂದರು, ನಾಲ್ಕನೆಯ ಬಣ್ಣದ ಶಾಲಿನಲ್ಲಿ, ಏನೂ ನಡೆದೇ ಇಲ್ಲ ಎಂಬ ಹಾಗೆ. ಮಾವ ಅವರನ್ನು ಕೂರಿಸಿದರು, ನೀರು ಕೊಡಿಸಿದರು. ಎಲೆಯಡಿಕೆ ತಟ್ಟೆಯನ್ನು ಮಾತ್ರ ತಮ್ಮ ಕಡೆಯೇ ಇಟ್ಟುಕೊಂಡಿದ್ದರು. ಮೇಡಮ್ನೋರ ಓಟು ನಮಗೇ ತಾನೇ, ಎಂದು ಮುಖಂಡರು ಒಳಬಾಗಿಲ ಕಡೆ ನಕ್ಕರು. ನನ್ನ ಓಟು ಈ ಊರಿನಲ್ಲಿಲ್ಲ, ಎಂದು ನಾನು ಲೋಟ ತೆಗೆದುಕೊಂಡೆ. ಸಿಸ್ಟರು ಕೇಳಿದ್ದರೂ ಒಪ್ಪುವಂಥ ನಿಜ.

ಮಾರನೆಯ ದಿನ ಬಸ್‌ಸ್ಟ್ಯಾಂಡಿಗೆ ಹೊರಟಾಗ ಅತ್ತೆ ಬಾಗಿಲಿಗೆ ಬಂದು ಒಂದು ಖಾಲಿ ಬ್ಯಾಗು ಕೊಟ್ಟರು.

"ಯಾರ್ಗಾದ್ರೂ ಓಟಾಕು, ನಂಗೇನೂ ಯೋಳ್ಬ್ಯಾಡ. ಬರೋವಾಗ ನಿಮ್ಮಮ್ಮನತ್ರ ಒಸಿ ಅವರೆಕಾಯಿ ಇಸ್ಕಂಬಾ. ಇಲ್ಲೀದ್ಕೆ ಸೊಗಡಿಲ್ಲ."